ಎಂಟು ಪ್ರದರ್ಶನ, ಒಂದು ಸಂಘ: ಇಂಪ್ರೆಷನಿಸ್ಟರು ಕೂಡಿದ್ದು ಹೇಗೆ, ಚದುರಿದ್ದು ಏಕೆ

1874ರ ಡಿಸೆಂಬರ್ 17ರಂದು ಪ್ಯಾರಿಸ್ಸಿನಲ್ಲಿ, ಚಿತ್ರಕಾರ ರೆನ್ವಾರ್‌ನ ಸ್ಟುಡಿಯೊದಲ್ಲಿ ಚಿತ್ರಕಾರರ ಒಂದು ಸಂಘದ ಸಭೆ ಸೇರಿತು. ಚರ್ಚೆಗೆ ಇದ್ದದ್ದು ಲೆಕ್ಕಪತ್ರ. ಹೊರಗಿನವರ ಬಾಕಿಯೆಲ್ಲ ತೀರಿತ್ತು. ಆದರೆ ಸದಸ್ಯರೇ ಮುಂಗಡವಾಗಿ ಹಾಕಿದ್ದ 3,713 ಫ್ರಾಂಕ್ ವಾಪಸ್ಸು ಬರಬೇಕಿತ್ತು, ಕೈಯಲ್ಲಿ ಉಳಿದದ್ದು 278 ಫ್ರಾಂಕ್. ಸಂಘ ಮುಂದುವರಿಯಬೇಕಾದರೆ ಪ್ರತಿಯೊಬ್ಬನೂ 184 ಫ್ರಾಂಕ್ 50 ಸೆಂಟಿಮ್ ಕಟ್ಟಬೇಕು. ಆಗ ಪ್ಯಾರಿಸ್ಸಿನ ನುರಿತ ಕೆಲಸಗಾರನ ದಿನಗೂಲಿ 5 ಫ್ರಾಂಕಿನ ಆಸುಪಾಸು, ಅಂದರೆ ಒಂದು ತಿಂಗಳ ದುಡಿಮೆಗಿಂತ ಹೆಚ್ಚು. ಅಂಗಡಿಯವನ ಬಾಕಿ ತೀರಿಸಲಾಗದ ಚಿತ್ರಕಾರರು ಅಷ್ಟು ಹಣ ಎಲ್ಲಿಂದ ತಂದಾರು? ಸಂಘವನ್ನು ಬರ್ಖಾಸ್ತು ಮಾಡಿದರು. ಅದು ಹುಟ್ಟಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಕ್ಷಣದ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹೊರಟ ಈ ಫ್ರೆಂಚ್ ಚಿತ್ರಕಾರರ ಚಳವಳಿ, ಇಂಪ್ರೆಷನಿಸಂ, ಕುರಿತ ಬರಹಗಳು ಸಾಮಾನ್ಯವಾಗಿ ಬೆಳಕು, ನೀರು, ನೈದಿಲೆ ಎಂದು ಶುರುವಾಗುತ್ತವೆ. ನಾವು ಲೆಕ್ಕದ ಪುಸ್ತಕದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಈ ಚಿತ್ರಕಾರರನ್ನು ಕೂಡಿಸಿದ್ದು ಒಂದೇ ಶೈಲಿಯಲ್ಲ. ಅವರಲ್ಲೊಬ್ಬನಾದ ದೆಗಾ ಬಯಲಲ್ಲಿ ಕೂತು ಚಿತ್ರ ಬಿಡಿಸುವುದನ್ನು ಒಪ್ಪುತ್ತಲೇ ಇರಲಿಲ್ಲ. ಅವರನ್ನು ಕೂಡಿಸಿದ್ದು ಒಂದು ಕೊರತೆ: ಚಿತ್ರ ತೂಗುಹಾಕಲು ಗೋಡೆ ಇರಲಿಲ್ಲ. ಆ ಕೊರತೆ ನೀಗುತ್ತ ಬಂದಂತೆ ಗುಂಪೂ ಸಡಿಲವಾಯಿತು. 1874ರಿಂದ 1886ರವರೆಗೆ ನಡೆದ ಎಂಟು ಪ್ರದರ್ಶನಗಳನ್ನು ಒಂದೇ ಪ್ರಕರಣವಾಗಿ ಓದಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಗೋಡೆಯ ಸಮಸ್ಯೆ

ಆಗಿನ ಫ್ರಾನ್ಸಿನಲ್ಲಿ ಚಿತ್ರಕಾರನಿಗೆ ದೊಡ್ಡ ಮಾರುಕಟ್ಟೆ ಎಂದರೆ ಸಲೋನ್, ಸರ್ಕಾರದ ಆಶ್ರಯದ ಬೃಹತ್ ಪ್ರದರ್ಶನ. ತೀರ್ಪುಗಾರರ ಮಂಡಳಿ ಒಪ್ಪಿದ ಚಿತ್ರಕ್ಕೆ ಮಾತ್ರ ಒಳಗೆ ಜಾಗ. ಒಳಗೆ ಹೋದರೂ ಗೋಡೆ ತುಂಬ ಚಿತ್ರಗಳ ಮೇಲೆ ಚಿತ್ರ. ಹೆಸರಿಲ್ಲದವನದು ಸೂರಿನ ಹತ್ತಿರ ಹೋಗಿ ಕೂರುತ್ತಿತ್ತು. 1863ರಲ್ಲಿ ಮಂಡಳಿ ಸಾವಿರಾರು ಚಿತ್ರಗಳನ್ನು ತಳ್ಳಿಹಾಕಿದಾಗ ಗಲಾಟೆಯಾಗಿ, ಮೂರನೇ ನೆಪೋಲಿಯನ್ ತಿರಸ್ಕೃತರಿಗೇ ಬೇರೆ ಪ್ರದರ್ಶನ ಏರ್ಪಡಿಸಲು ಹೇಳಿದ. ಮಾನೆಯ ‘ಹುಲ್ಲಿನ ಮೇಲಿನ ಊಟ’ವನ್ನು ಜನ ನೋಡಿ ನಕ್ಕದ್ದು ಅಲ್ಲಿಯೇ. (ಮಾನೆ ಬೇರೆ, ಮೋನೆ ಬೇರೆ. ಮೋನೆ ಈ ಗುಂಪಿನವನು. ಮಾನೆ ಹಿರಿಯ, ಗುಂಪಿನ ಒಂದೇ ಒಂದು ಪ್ರದರ್ಶನಕ್ಕೂ ಅವನು ಚಿತ್ರ ಕೊಡಲಿಲ್ಲ.)

ಸ್ವಂತ ಪ್ರದರ್ಶನದ ಯೋಚನೆ 1867ರಲ್ಲೇ ಇತ್ತು. ಗೆಳೆಯರೆಲ್ಲ ಕೂಡಿ 2,500 ಫ್ರಾಂಕ್ ಒಟ್ಟು ಮಾಡಿದ್ದರು, ಅದು ಸಾಲದೆ ಕೈಬಿಟ್ಟರು. ಆ ಯೋಚನೆಯ ಬೆನ್ನೆಲುಬಾಗಿದ್ದ ಚಿತ್ರಕಾರ ಬಾಜಿಯ್ 1870ರ ನವೆಂಬರ್ 28ರಂದು ಪ್ರಷ್ಯಾ ವಿರುದ್ಧದ ಯುದ್ಧದಲ್ಲಿ ಸತ್ತ. ಗೆಳೆಯರಲ್ಲಿ ಮೋನೆ, ಪಿಸಾರೊ ಲಂಡನ್ನಿಗೆ ಹೋದರು. ಪಿಸಾರೊ ಬಿಟ್ಟುಹೋದ ಮನೆಯಲ್ಲಿ ಪ್ರಷ್ಯನ್ ಸೈನಿಕರು ಬೀಡುಬಿಟ್ಟು ಅವನ ಎಷ್ಟೋ ವರ್ಷಗಳ ಕೆಲಸವನ್ನು ಹಾಳುಮಾಡಿದರು. ಲಂಡನ್ನಿನಲ್ಲಿ ಇವರಿಬ್ಬರಿಗೂ ಸಿಕ್ಕಿದವನು ಪೋಲ್ ದ್ಯೂರಾಂ-ರ್ಯುಯೆಲ್ ಎಂಬ ಚಿತ್ರವ್ಯಾಪಾರಿ. 1872ರಲ್ಲಿ ಅವನು ಮಾನೆಯ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು 35,000 ಫ್ರಾಂಕಿಗೆ ಒಟ್ಟಿಗೇ ಕೊಂಡ; ಉಳಿದವರಿಂದಲೂ ಕೊಳ್ಳತೊಡಗಿದ. ಒಂದೆರಡು ವರ್ಷ ಉಸಿರಾಡಲು ಅವಕಾಶವಾಯಿತು. 1873ರ ಆರ್ಥಿಕ ಕುಸಿತ ಬಂದ ಮೇಲೆ ಅವನ ಕೈಯೂ ಕಟ್ಟಿತು. ಸಂಘ ಹುಟ್ಟಿದ್ದು ಆ ಇಕ್ಕಟ್ಟಿನಲ್ಲಿ, ಅದೇ ವರ್ಷದ ಡಿಸೆಂಬರ್ 27ರಂದು.

ಬೈಲಾ

ಪಿಸಾರೊ ಆಗ ಪೋಂತ್ವಾಜ್‌ನಲ್ಲಿದ್ದ. ಆ ಊರಿನ ಬ್ರೆಡ್ ತಯಾರಕರ ಸಂಘದ ಬೈಲಾವನ್ನೇ ಮಾದರಿಯಾಗಿ ತಂದ. ಅದರ ತುಂಬ ನಿಷೇಧ, ದಂಡ. ರೆನ್ವಾರ್ ಒಪ್ಪಲಿಲ್ಲ. ಕೊನೆಗೆ ಉಳಿದ ನಿಯಮಗಳು ಸರಳ: ವರ್ಷಕ್ಕೆ 60 ಫ್ರಾಂಕ್ ವಂತಿಗೆ, ತಿಂಗಳಿಗೆ ಐದರಂತೆ, ಮಾರಾಟವಾದರೆ ಬೆಲೆಯ ಹತ್ತನೇ ಒಂದು ಪಾಲು ಸಂಘಕ್ಕೆ, ಆಯ್ಕೆ ಮಾಡುವ ಮಂಡಳಿ ಇಲ್ಲ, ಬಹುಮಾನ ಇಲ್ಲ. ಚಿತ್ರಗಳನ್ನು ಅಳತೆಯ ಪ್ರಕಾರ ಬೇರೆ ಮಾಡಿ, ಯಾರದ್ದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು. ಸಲೋನಿನ ಒಂದೊಂದು ಕಾಯಿಲೆಗೂ ಇಲ್ಲಿ ಒಂದೊಂದು ಮದ್ದಿದೆ. ಆದರೆ ನಷ್ಟವಾದರೆ ಏನು ಎಂಬುದಕ್ಕೆ ಮದ್ದಿರಲಿಲ್ಲ. ಮುಂದಿನ ವರ್ಷಕ್ಕೆ ಬಂಡವಾಳ ಉಳಿಸುವ ದಾರಿಯನ್ನೇ ಯೋಚಿಸಿರಲಿಲ್ಲ.

ಜಾಗ ಸಿಕ್ಕಿದ್ದು ಕಪುಸಿನ್ ಬುಲ್ವಾರ್‌ನ 35ನೇ ನಂಬರಿನಲ್ಲಿ, ಛಾಯಾಗ್ರಾಹಕ ನಾದಾರ್ ಬಿಟ್ಟುಹೋಗಿದ್ದ ಸ್ಟುಡಿಯೊ. 1874ರ ಏಪ್ರಿಲ್ 15ರಿಂದ ಒಂದು ತಿಂಗಳು. ಸಲೋನಿಗಿಂತ ಎರಡು ವಾರ ಮೊದಲೇ ಬಾಗಿಲು ತೆರೆದದ್ದು ಲೆಕ್ಕಾಚಾರದ ನಡೆ: ಸಲೋನಿನ ನಂತರ ತೆರೆದಿದ್ದರೆ ‘ತಿರಸ್ಕೃತರ ಗುಂಪು’ ಎನಿಸುತ್ತಿತ್ತು. ಪ್ರವೇಶಕ್ಕೆ 1 ಫ್ರಾಂಕ್, ಕ್ಯಾಟಲಾಗಿಗೆ 50 ಸೆಂಟಿಮ್. ಹಗಲು 10ರಿಂದ 6, ರಾತ್ರಿ 8ರಿಂದ 10. ಕೆಲಸ ಮುಗಿಸಿ ಬರುವವರಿಗೂ ಸಮಯ ಇಟ್ಟಿದ್ದರು. 30 ಕಲಾವಿದರು, ಕ್ಯಾಟಲಾಗಿನಲ್ಲಿ 165 ನಮೂದು. ಬಂದವರು ಸುಮಾರು 3,500 ಜನ. ಸಲೋನಿಗೆ ಬರುತ್ತಿದ್ದವರು ಲಕ್ಷಗಟ್ಟಲೆ.

ಆ ಮೂವತ್ತು ಮಂದಿಯಲ್ಲಿ ಇಂದು ನಾವು ಇಂಪ್ರೆಷನಿಸ್ಟರು ಎನ್ನುವವರು ಏಳೆಂಟು ಜನ ಮಾತ್ರ. ಉಳಿದವರಲ್ಲಿ ಹಲವರು ಸಲೋನಿಗೆ ಒಗ್ಗಿದ ಸಾದಾ ಚಿತ್ರಕಾರರು. ಅಂಥವರನ್ನು ಕರೆತರಲು ಹೆಚ್ಚು ಓಡಾಡಿದವನು ದೆಗಾ: ಖರ್ಚು ಹಂಚಿಹೋಗುತ್ತದೆ, ಪ್ರದರ್ಶನ ದಂಗೆಯಂತೆ ಕಾಣುವುದಿಲ್ಲ. ಯಾರು ಒಳಗೆ, ಯಾರು ಹೊರಗೆ ಎಂಬ ಈ ಪ್ರಶ್ನೆಯೇ ಏಳು ವರ್ಷದ ನಂತರ ಗುಂಪನ್ನು ಸೀಳುವುದರಿಂದ ಇದನ್ನು ನೆನಪಿಡಬೇಕು.

ಕ್ಯಾಟಲಾಗು ತಯಾರಿಸುತ್ತಿದ್ದವನು ರೆನ್ವಾರ್‌ನ ತಮ್ಮ ಎಡ್ಮಂಡ್. ಲ ಆವ್ರ್ ಬಂದರಿನ ಒಂದು ಬೆಳಗಿನ ಚಿತ್ರಕ್ಕೆ ಹೆಸರು ಕೇಳಿದಾಗ ‘ಇಂಪ್ರೆಷನ್’ (ನೋಡಿದ ಕ್ಷಣ ಮನಸ್ಸಿನಲ್ಲಿ ಮೂಡುವ ಅಚ್ಚು) ಎಂದು ಹಾಕು ಅಂದ ಮೋನೆ. ಅದು ‘ಇಂಪ್ರೆಷನ್, ಸೂರ್ಯೋದಯ’ ಆಯಿತು. ಏಪ್ರಿಲ್ 25ರಂದು ‘ಲ ಶಾರಿವಾರಿ’ ಪತ್ರಿಕೆಯಲ್ಲಿ ಲೂಯಿ ಲರುವಾ ಆ ಪದವನ್ನೇ ಹಿಡಿದು ಇಡೀ ಗುಂಪನ್ನು ಗೇಲಿ ಮಾಡಿದ. ಬೈಗುಳವಾಗಿ ಬಂದದ್ದು ಹೆಸರಾಗಿ ನಿಂತಿತು.

ಕ್ಯಾನ್ವಾಸಿನ ಮೇಲೆ ನಡೆದದ್ದು

ಆ ‘ಸೂರ್ಯೋದಯ’ 48 ಸೆಂಟಿಮೀಟರ್ ಎತ್ತರ, 63 ಅಗಲ. ಕಂಕುಳಲ್ಲಿ ಹಿಡಿದು ಹೋಗುವ ಅಳತೆ. ಅದರ ಕಿತ್ತಳೆ ಸೂರ್ಯನನ್ನು ಕಪ್ಪು-ಬಿಳುಪಿನ ಫೋಟೊ ತೆಗೆದರೆ ಸೂರ್ಯ ಬಹುಮಟ್ಟಿಗೆ ಮಾಯವಾಗುತ್ತಾನೆ. ಸುತ್ತಲಿನ ಬೂದು ಆಕಾಶಕ್ಕೂ ಅವನಿಗೂ ಇರುವ ವ್ಯತ್ಯಾಸ ಬಣ್ಣದ್ದೇ ಹೊರತು ಹೊಳಪಿನದಲ್ಲ. ಕಣ್ಣಿಗೆ ಅವನು ಮಿಡಿದಂತೆ ಕಾಣುವುದಕ್ಕೆ ಅದೇ ಕಾರಣ. ಹಳೆಯ ಪದ್ಧತಿಯ ಚಿತ್ರಕಾರನಾಗಿದ್ದರೆ ಆಕಾಶವನ್ನು ಕತ್ತಲಾಗಿಸಿ ಸೂರ್ಯನನ್ನು ಬಿಳಿಯಾಗಿಸುತ್ತಿದ್ದ.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಅಂಗಡಿಯಲ್ಲಿ ಆಗಷ್ಟೇ ಸಿಗತೊಡಗಿತ್ತು. ತವರದ ಬಣ್ಣದ ಟ್ಯೂಬಿಗೆ 1841ರಲ್ಲಿ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ಪೇಟೆಂಟ್ ಪಡೆದಿದ್ದ. ಅದಕ್ಕೂ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು; ಒಮ್ಮೆ ಚುಚ್ಚಿದರೆ ಮತ್ತೆ ಸರಿಯಾಗಿ ಮುಚ್ಚಲಾಗದೆ ಬಣ್ಣ ಗಟ್ಟಿಯಾಗುತ್ತಿತ್ತು. ಕಾರ್ಖಾನೆಯ ಹೊಸ ಬಣ್ಣಗಳೂ ಬಂದಿದ್ದವು: ಕೋಬಾಲ್ಟ್ ನೀಲಿ, ಕೃತಕ ಅಲ್ಟ್ರಾಮರೀನ್ ನೀಲಿ, 1859ರಲ್ಲಿ ಪೇಟೆಂಟ್ ಆದ ವಿರಿಡಿಯನ್ ಹಸಿರು, ಕ್ರೋಮ್ ಮತ್ತು ಕ್ಯಾಡ್ಮಿಯಂ ಹಳದಿಗಳು. ಲೋಹದ ಪಟ್ಟಿಯಿಂದ ಬಿಗಿದ ಚಪ್ಪಟೆ ಕುಂಚ ಬಂದ ಮೇಲೆ ಅಗಲವಾದ, ಚೌಕ ತುದಿಯ ಗೀಟು ಸುಲಭವಾಯಿತು. ಎಳೆದು ಬಿಗಿದ, ತಳಬಣ್ಣ ಬಳಿದ ಕ್ಯಾನ್ವಾಸನ್ನು ನಂಬರ್ ಹೇಳಿ ಕೊಳ್ಳಬಹುದಿತ್ತು. 30ನೇ ನಂಬರ್ ಎಂದರೆ 92 × 73 ಸೆಂಟಿಮೀಟರ್. ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಸೇನ್ ನದಿಯ ದಡ.

ಕೆಲಸದ ಕ್ರಮ ಹೀಗೆ. ಕಂದು ತಳದ ಬದಲು ಬಿಳಿ, ಕೆನೆ ಅಥವಾ ತಿಳಿ ಬೂದು ತಳ. ತೆಳು ಬಣ್ಣದಲ್ಲಿ ದೊಡ್ಡ ಭಾಗಗಳ ಗುರುತು. ಆಮೇಲೆ ಆಕಾಶ, ನೀರು, ನೆರಳು, ಎಲ್ಲವನ್ನೂ ಒಟ್ಟಿಗೆ ಮುಂದಕ್ಕೆ ಒಯ್ಯುವುದು. ಒಂದು ಮೂಲೆ ಮುಗಿಸಿ ಮತ್ತೊಂದಕ್ಕೆ ಹೋದರೆ ಅಷ್ಟರಲ್ಲಿ ಬೆಳಕು ಬೇರೆಯಾಗಿರುತ್ತದೆ. ನೆರಳಿಗೆ ಕಪ್ಪಿನ ಬದಲು ನೀಲಿ-ನೇರಳೆ. ಮೋನೆಯ ಸ್ಯಾಂ-ಲಜಾರ್ ರೈಲು ನಿಲ್ದಾಣದ ಚಿತ್ರದಲ್ಲಿ ಮಸಿಯಂತೆ ಕಾಣುವ ಚಾವಣಿಯ ಬಣ್ಣವನ್ನು ಪರೀಕ್ಷಿಸಿದಾಗ ಅಲ್ಲಿ ಕಪ್ಪು ಹೆಚ್ಚುಕಡಿಮೆ ಇರಲೇ ಇಲ್ಲ. ಹೊಳೆಯುವ ಕೆಂಪು, ನೀಲಿ, ಹಸಿರುಗಳನ್ನೇ ಬೆರೆಸಿ ಕತ್ತಲು ಮಾಡಿದ್ದ. ಎಷ್ಟೋ ವರ್ಷದ ನಂತರ, 1905ರಲ್ಲಿ, ಮೋನೆ ತನ್ನ ಬಣ್ಣಗಳನ್ನು ಪತ್ರದಲ್ಲಿ ಹೆಸರಿಸಿದ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್ ಕೆಂಪು, ಗಾಢ ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ಪಚ್ಚೆ ಹಸಿರು. ಆರೇ ಆರು.

ಕೆಡುವುದು ಎಲ್ಲಿ? ಹಸಿ ಬಣ್ಣದ ಮೇಲೆ ಹಸಿ ಬಣ್ಣ ಹಾಕುವಾಗ ಕುಂಚ ಒಂದೆರಡು ಸಲ ಹೆಚ್ಚು ಆಡಿದರೆ ಕಿತ್ತಳೆಯೂ ನೀಲಿಯೂ ಬೆರೆತು ಕೆಸರಾಗುತ್ತದೆ. ಅದಕ್ಕೇ ಗೀಟು ಹಾಕಿ ಬಿಡಬೇಕು, ತೀಡಬಾರದು. ವಿಮರ್ಶಕರು ‘ಮುಗಿಸಿಲ್ಲ’ ಎಂದು ಬೈದದ್ದು ಈ ಬಿಟ್ಟುಬಿಟ್ಟ ಗೀಟುಗಳನ್ನೇ. ಬಿಳಿ ಜಾಸ್ತಿಯಾದರೆ ಚಿತ್ರ ಸುಣ್ಣ ಬಳಿದಂತಾಗುತ್ತದೆ. ಕೆಲವು ಕೆಂಪುಗಳು ಬೆಳಕಿಗೆ ನಿಲ್ಲುವುದಿಲ್ಲ: ಶಿಕಾಗೊದಲ್ಲಿರುವ, ರೆನ್ವಾರ್ 1883ರಲ್ಲಿ ಬಿಡಿಸಿದ ಮದಾಂ ಲಿಯೊಂ ಕ್ಲಾಪಿಸೊಂ ಚಿತ್ರದ ಹಿನ್ನೆಲೆ ಮೊದಲು ಉಜ್ವಲ ಕೆಂಪು-ನೇರಳೆ. ಚೌಕಟ್ಟಿನ ಅಂಚಿನಡಿ ಬೆಳಕು ತಾಗದೆ ಉಳಿದ ಪಟ್ಟಿಯಿಂದ ಅದು ಗೊತ್ತಾಯಿತು. ಉಳಿದ ಭಾಗ ತಣ್ಣನೆಯ ನೀಲಿ-ಬೂದಿಗೆ ತಿರುಗಿದೆ. ಇನ್ನು ವಾರ್ನಿಷ್. ಪಿಸಾರೊ, ಮೋನೆ ಇಬ್ಬರಿಗೂ ಅದು ಬೇಡವಾಗಿತ್ತು. ಕೊಂಡವರು ಹಾಗೆ ಕೇಳಲಿಲ್ಲ, ಚಿತ್ರ ‘ಪೂರ್ತಿ’ಯಾಗಲೆಂದು ಬಳಿಸಿದರು. ಅದು ಹಳದಿಗಟ್ಟಿ ನೀಲಿ ನೆರಳುಗಳನ್ನು ಹಸಿರಾಗಿಸಿತು. ಮ್ಯೂಸಿಯಮ್ಮಿನಲ್ಲಿ ಇಂಥ ಚಿತ್ರ ಮಂಕಾಗಿ ಕಂಡರೆ ತಪ್ಪು ಚಿತ್ರಕಾರನದೇ ಎಂದುಕೊಳ್ಳಬಾರದು.

ಹರಾಜು, ಆಮೇಲೆ ಒಂದು ಷರತ್ತು

ಸಂಘ ಮುಳುಗಿದ ಮರುವರ್ಷ, 1875ರ ಮಾರ್ಚ್ 24ರಂದು, ಮೋನೆ, ರೆನ್ವಾರ್, ಸಿಸ್ಲೆ, ಮೊರಿಸೊ ಸೇರಿ ದ್ರುವೊ ಹರಾಜುಕಟ್ಟೆಯಲ್ಲಿ 73 ಚಿತ್ರ ಇಟ್ಟರು. ಗದ್ದಲ ಹೆಚ್ಚಾಗಿ ಪೊಲೀಸರನ್ನು ಕರೆಸಬೇಕಾಯಿತು. ಒಟ್ಟು ಬಂದದ್ದು 11,496 ಫ್ರಾಂಕ್, ಚಿತ್ರಕ್ಕೆ ಸರಾಸರಿ 157. ಅತಿ ಹೆಚ್ಚು ಬೆಲೆ, 480 ಫ್ರಾಂಕ್, ಬಂದದ್ದು ಬರ್ತ್ ಮೊರಿಸೊಳ ಚಿತ್ರಕ್ಕೆ. ಅವಳನ್ನು ಗುಂಪಿನ ಅಂಚಿನಲ್ಲಿಟ್ಟು ಬರೆದ ಕಲಾ ಇತಿಹಾಸಗಳು ಈ ಒಂದು ಅಂಕಿಯನ್ನು ನೋಡಿದ್ದರೂ ಸಾಕಿತ್ತು. ಎಂಟು ಪ್ರದರ್ಶನಗಳಲ್ಲಿ ಏಳಕ್ಕೆ ಚಿತ್ರ ಕೊಟ್ಟವಳು ಅವಳು. ತಪ್ಪಿದ್ದು 1879ರದ್ದು, ಮಗಳು ಹುಟ್ಟಿದ ಮರುವರ್ಷ.

ಆಗ ಗುಸ್ತಾವ್ ಕಾಯ್‌ಬೋತ್ ಬಂದ. ಪಿತ್ರಾರ್ಜಿತ ಆಸ್ತಿಯಿದ್ದ ಯುವಕ, ಸ್ವತಃ ಒಳ್ಳೆಯ ಚಿತ್ರಕಾರ. 1876ರ ಎರಡನೇ ಪ್ರದರ್ಶನದಲ್ಲಿ ಅವನ ‘ನೆಲ ಹೆರೆಯುವವರು’ ಇತ್ತು. 1877ರ ಮೂರನೆಯದಕ್ಕೆ ಬಾಡಿಗೆ ಕೊಟ್ಟವನೂ ಅವನೇ. ಸಂಘದ ಬೈಲಾದಲ್ಲಿ ಇಲ್ಲದ ಬಂಡವಾಳ ಈಗ ಒಬ್ಬ ಗೆಳೆಯನ ಜೇಬಿನಿಂದ ಬಂತು. ಆ ಮೂರನೇ ಪ್ರದರ್ಶನವೇ ಇಡೀ ಚಳವಳಿಯ ಶಿಖರ ಎಂದು ನಮ್ಮ ಎಣಿಕೆ: ರೆನ್ವಾರ್‌ನ ‘ಮುಲ್ಯಾಂ ದ ಲ ಗಲೆತ್’, ಮೋನೆಯ ನಿಲ್ದಾಣದ ಚಿತ್ರಗಳು, ಕಾಯ್‌ಬೋತ್‌ನ ಮಳೆಗಾಲದ ಪ್ಯಾರಿಸ್ ರಸ್ತೆ, ಸೆಜಾನ್‌ನ ಹದಿನಾರು ಕೃತಿಗಳು, ಎಲ್ಲ ಒಂದೇ ಸೂರಿನಡಿ. ಇಂಪ್ರೆಷನಿಸ್ಟರು ಎಂಬ ಹೆಸರನ್ನು ಅವರೇ ಹೊತ್ತುಕೊಂಡದ್ದೂ ಆಗಲೇ.

ಇದರ ಜೊತೆಗೇ ದೆಗಾ ಹಿಡಿದ ಹಟ: ನಮ್ಮೊಂದಿಗೆ ಪ್ರದರ್ಶಿಸುವವನು ಸಲೋನಿಗೆ ಕಳಿಸಬಾರದು. ಕೇಳಲು ನ್ಯಾಯವಾದ ಮಾತು; ಎರಡು ದೋಣಿಯಲ್ಲಿ ಕಾಲಿಟ್ಟರೆ ಗುಂಪಿಗೆ ಅರ್ಥವೇನು? ಆದರೆ ಷರತ್ತಿನ ಭಾರ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳಲಿಲ್ಲ. ಕಾಯ್‌ಬೋತ್, ಮೊರಿಸೊ, ಅಮೆರಿಕದಿಂದ ಬಂದ ಮೇರಿ ಕಸಾಟ್ ಇವರಿಗೆ ಊಟದ ಚಿಂತೆಯಿರಲಿಲ್ಲ. ರೆನ್ವಾರ್ ದರ್ಜಿಯ ಮಗ. ಮೋನೆಯ ಹೆಂಡತಿ ಕಮೀಲ್ ಕಾಯಿಲೆ ಬಿದ್ದಿದ್ದಳು, 1879ರಲ್ಲಿ ತೀರಿಕೊಂಡಳು. ಇವರ ಚಿತ್ರಗಳನ್ನು ರಾಶಿಯಾಗಿ ಕೊಳ್ಳುತ್ತಿದ್ದ ಎರ್ನೆಸ್ಟ್ ಒಶೆದೆ ದಿವಾಳಿಯಾಗಿ 1878ರಲ್ಲಿ ಅವನ ಸಂಗ್ರಹವೇ ಹರಾಜಾಯಿತು. 800 ಫ್ರಾಂಕಿಗೆ ಅವನು ಕೊಂಡಿದ್ದ ‘ಸೂರ್ಯೋದಯ’ 210 ಫ್ರಾಂಕಿಗೆ ಹೋಯಿತು. ಅದೇ ವರ್ಷ ರೆನ್ವಾರ್ ಸಲೋನಿಗೆ ಮರಳಿದ. 1879ರಲ್ಲಿ ಅವನ ‘ಮದಾಂ ಶಾರ್ಪಾಂತಿಯೆ ಮತ್ತು ಮಕ್ಕಳು’ ಅಲ್ಲಿ ಗೆದ್ದಿತು, ಭಾವಚಿತ್ರದ ಬೇಡಿಕೆಗಳು ಬಂದವು. 1880ರಲ್ಲಿ ಮೋನೆಯೂ ಹೋದ.

ಇನ್ನೊಂದು ಸಂಗತಿ ಇಲ್ಲಿ ಮುಖ್ಯ. ಇವರು ಹೊರಡುತ್ತಿದ್ದ ಹೊತ್ತಿನಲ್ಲೇ ಪ್ರದರ್ಶನ ಲಾಭಕ್ಕೆ ತಿರುಗಿತ್ತು. 1879ರ ನಾಲ್ಕನೆಯದಕ್ಕೆ 15,000ಕ್ಕೂ ಹೆಚ್ಚು ಜನ ಬಂದು, ಭಾಗವಹಿಸಿದ ಪ್ರತಿಯೊಬ್ಬರಿಗೂ 439 ಫ್ರಾಂಕ್ ಪಾಲು ಸಿಕ್ಕಿತು. ಕಸಾಟ್ ತನ್ನ ಪಾಲಿನಲ್ಲಿ ಮೋನೆಯ ಒಂದು, ದೆಗಾನ ಒಂದು ಚಿತ್ರ ಕೊಂಡಳು. ಹೀಗಾಗಿ ‘ಜನ ಒಪ್ಪಲಿಲ್ಲ, ಆದ್ದರಿಂದ ಒಡೆಯಿತು’ ಎಂಬ ವಿವರಣೆ ನಿಲ್ಲುವುದಿಲ್ಲ. ಟಿಕೆಟ್ ಹಣ ಬರುತ್ತಿತ್ತು; ಚಿತ್ರ ಬಿಕರಿಯಾಗುತ್ತಿರಲಿಲ್ಲ.

1880, 1881ರ ಪ್ರದರ್ಶನಗಳಲ್ಲಿ ದೆಗಾ ಕರೆತಂದ ರಾಫೆಯೆಲ್ಲಿ ಮೊದಲಾದ ಚಿತ್ರಕಾರರು ತುಂಬಿಕೊಂಡರು. 1881ರ ಜನವರಿಯಲ್ಲಿ ಕಾಯ್‌ಬೋತ್ ಪಿಸಾರೊಗೆ ದೀರ್ಘ ಪತ್ರ ಬರೆದು ದೆಗಾನಿಂದಲೇ ಗುಂಪು ಒಡೆಯುತ್ತಿದೆ ಎಂದು ಹೇಳಿಕೊಂಡ. ಪಿಸಾರೊ ದೆಗಾನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆ ವರ್ಷ ಹೊರಗೆ ನಿಂತವನು ಕಾಯ್‌ಬೋತ್. ಮುಂದಿನ ವರ್ಷ ಹೊರಗೆ ನಿಂತವನು ದೆಗಾ. ನಮಗೆ ಇಬ್ಬರ ಮಾತೂ ಅರ್ಥವಾಗುತ್ತದೆ, ಆದರೂ ಕಾಯ್‌ಬೋತ್ ಹೇಳಿದ್ದೇ ಸರಿ ಎನಿಸುತ್ತದೆ. ಆಯ್ಕೆ ಮಂಡಳಿ ಬೇಡ ಎಂದು ಹೊರಟ ಸಂಘದಲ್ಲಿ ಒಬ್ಬನ ಇಷ್ಟವೇ ಮಂಡಳಿಯಾಗಿ ಕೂತಿತ್ತು.

ವ್ಯಾಪಾರಿಯ ಕೈಗೆ

1882ರ ಏಳನೇ ಪ್ರದರ್ಶನವನ್ನು ನಿಜವಾಗಿ ನಡೆಸಿದವನು ದ್ಯೂರಾಂ-ರ್ಯುಯೆಲ್. ಒಂಬತ್ತೇ ಕಲಾವಿದರು, ಚಿತ್ರಗಳಲ್ಲಿ ಹೆಚ್ಚಿನವು ಅವನು ಕೊಂಡಿಟ್ಟಿದ್ದವೇ. ಆ ಜನವರಿಯಲ್ಲಿ ಅವನಿಗೆ ಸಾಲ ಕೊಡುತ್ತಿದ್ದ ಯೂನಿಯನ್ ಜನರಾಲ್ ಬ್ಯಾಂಕು ಕುಸಿದುಬಿದ್ದಿತ್ತು; ಸರಕನ್ನು ಹಣ ಮಾಡಲೇಬೇಕಿತ್ತು. 1883ರಲ್ಲಿ ಅವನು ದಾರಿ ಬದಲಿಸಿ ಮೋನೆ, ರೆನ್ವಾರ್, ಪಿಸಾರೊ, ಸಿಸ್ಲೆ ಒಬ್ಬೊಬ್ಬರಿಗೂ ಪ್ರತ್ಯೇಕ ಪ್ರದರ್ಶನ ಮಾಡಿದ. ಗುಂಪಿನ ಬೇರಿಗೆ ಪೆಟ್ಟು ಬಿದ್ದದ್ದು ಇಲ್ಲಿ. ತನ್ನೊಬ್ಬನದೇ ಕೋಣೆ ಸಿಕ್ಕಮೇಲೆ ಬಾಡಿಗೆ, ಚೀಟಿ, ಷರತ್ತು, ದೆಗಾನೊಡನೆ ವಾದ ಯಾಕೆ ಬೇಕು? ಸಲೋನಿನ ಗೋಡೆಯೂ ಸಡಿಲಾಗಿತ್ತು. 1881ರಲ್ಲಿ ಸರ್ಕಾರ ಅದನ್ನು ಕಲಾವಿದರಿಗೇ ಬಿಟ್ಟುಕೊಟ್ಟಿತು. 1884ರಲ್ಲಿ ಆಯ್ಕೆ ಮಂಡಳಿಯಿಲ್ಲದ ‘ಸ್ವತಂತ್ರರ ಸಲೋನ್’ ಹುಟ್ಟಿತು. ಹತ್ತು ವರ್ಷದ ಹಿಂದೆ ಈ ಸಂಘ ಕೇಳಿದ್ದು ಈಗ ಯಾರಿಗೆ ಬೇಕಾದರೂ ಸಿಗುತ್ತಿತ್ತು.

1884ರ ಹೊತ್ತಿಗೆ ದ್ಯೂರಾಂ-ರ್ಯುಯೆಲ್‌ನ ಸಾಲ ಹತ್ತು ಲಕ್ಷ ಫ್ರಾಂಕ್ ದಾಟಿತ್ತು. ಅವನನ್ನು ಉಳಿಸಿದ್ದು ನ್ಯೂಯಾರ್ಕ್. 1886ರ ಏಪ್ರಿಲ್‌ನಲ್ಲಿ ಅಮೆರಿಕನ್ ಆರ್ಟ್ ಅಸೋಸಿಯೇಷನ್ ಆಹ್ವಾನದ ಮೇಲೆ ಸುಮಾರು 300 ಚಿತ್ರ ಒಯ್ದ. ವಿದೇಶಿ ಚಿತ್ರಗಳಿಗೆ ಅಲ್ಲಿ ಶೇ 30 ಆಮದು ಸುಂಕ. ಆಹ್ವಾನಿಸಿದ್ದು ಶಿಕ್ಷಣ ಸಂಸ್ಥೆಯಾದ್ದರಿಂದ ಮಾರಾಟವಾದವಕ್ಕೆ ಮಾತ್ರ ಸುಂಕ ಕಟ್ಟಿದರಾಯಿತು. ಹಳೆಯ ಅಕಾಡೆಮಿಗಳ ಹಂಗಿಲ್ಲದ ಹೊಸ ಶ್ರೀಮಂತರು ಕೊಂಡರು.

ಶೈಲಿಯ ಒಳಗಿನ ಬಿರುಕು

ಹೊರಗಿನ ಕಾರಣಗಳಷ್ಟನ್ನೇ ಹೇಳಿದರೆ ಅರ್ಧ ಕಥೆ. ಕ್ಷಣದ ಬೆಳಕನ್ನು ಹಿಡಿಯುವ ವಿಧಾನಕ್ಕೆ ತನ್ನದೇ ಎಲ್ಲೆಯಿತ್ತು: ಆಕೃತಿ ಕರಗುತ್ತದೆ. ಇಟಲಿಗೆ ಹೋಗಿ ಬಂದ ರೆನ್ವಾರ್‌ಗೆ ತನಗೆ ರೇಖೆಯೇ ಬರುವುದಿಲ್ಲ ಎನಿಸಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ‘ಕೊಡೆಗಳು’ ಚಿತ್ರದ ಎದುರು ನಿಂತರೆ ಈ ಬಿರುಕನ್ನು ಕಣ್ಣಾರೆ ನೋಡಬಹುದು. ಬಲಗಡೆ, 1881ರ ಸುಮಾರಿಗೆ ಬಿಡಿಸಿದ ತಾಯಿ-ಮಕ್ಕಳು, ಗರಿಯಂಥ ಮೃದು ಗೀಟು, ಕೋಬಾಲ್ಟ್ ನೀಲಿ. ಎಡಗಡೆ, ನಾಲ್ಕೈದು ವರ್ಷ ಬಿಟ್ಟು ತಿದ್ದಿದ ಬುಟ್ಟಿ ಹಿಡಿದ ಹುಡುಗಿ, ಗಟ್ಟಿ ಅಂಚು, ಬೂದು ಛಾಯೆ, ಅಲ್ಟ್ರಾಮರೀನ್ ನೀಲಿ. ಒಂದೇ ಕ್ಯಾನ್ವಾಸಿನ ಎರಡು ಕೊನೆಗಳಲ್ಲಿ ಒಬ್ಬನೇ ಚಿತ್ರಕಾರ ಇಬ್ಬರಾಗಿದ್ದಾನೆ.

ಪಿಸಾರೊ ಐವತ್ತೈದು ದಾಟಿದ ಮೇಲೆ ಯುವಕ ಸೂರಾನ ಚುಕ್ಕಿ ಪದ್ಧತಿಗೆ ಹೋದ. ಬೆರೆಸದ ಬಣ್ಣದ ಸಣ್ಣ ಸಣ್ಣ ಚುಕ್ಕಿ, ಪಕ್ಕದಲ್ಲಿ ಅದರ ವಿರುದ್ಧ ಬಣ್ಣದ ಚುಕ್ಕಿ. ಒಂದೊಂದು ಚಿತ್ರಕ್ಕೂ ಬಹಳ ಕಾಲ ಹಿಡಿಯುತ್ತಿತ್ತು; ವ್ಯಾಪಾರಿಗೆ ರುಚಿಸಲಿಲ್ಲ; ದೊಡ್ಡ ಸಂಸಾರ. ನಾಲ್ಕೈದು ವರ್ಷದಲ್ಲಿ ಅವನೇ ಬಿಟ್ಟ. ಮೋನೆ ಮಾತ್ರ ವಿಧಾನವನ್ನು ಕೊನೆಯವರೆಗೂ ಎಳೆದುಕೊಂಡು ಹೋದ. ಬಣವೆ, ಪಾಪ್ಲರ್ ಮರ, ರುಆಂ ಚರ್ಚು: ಹಲವು ಕ್ಯಾನ್ವಾಸ್ ಸಾಲಾಗಿಟ್ಟು ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ. 1891ರಲ್ಲಿ ಪಾಪ್ಲರ್ ಮರಗಳು ಹರಾಜಾದಾಗ ಅವು ಸ್ವಲ್ಪ ಕಾಲ ನಿಲ್ಲಲಿ ಎಂದು ಮರದ ವ್ಯಾಪಾರಿಗೆ ದುಡ್ಡು ಕೊಟ್ಟ. ಆದರೆ ಈ ಸರಣಿಗಳನ್ನು ಪೂರ್ತಿ ಮಾಡಿದ್ದು ಸ್ಟುಡಿಯೊದ ಒಳಗೆ, ಒಂದರ ಪಕ್ಕ ಒಂದಿಟ್ಟು, ತಿಂಗಳುಗಟ್ಟಲೆ ತಿದ್ದುತ್ತ. ಕ್ಷಣದ ಚಿತ್ರ ನೆನಪಿನ ಚಿತ್ರವಾಗಿತ್ತು.

ಎಂಟನೆಯದು

1886ರ ಮೇ 15ರಿಂದ ಜೂನ್ 15ರವರೆಗೆ, ಲಫಿತ್ ರಸ್ತೆಯಲ್ಲಿ. ಮೋನೆ ಇಲ್ಲ, ರೆನ್ವಾರ್ ಇಲ್ಲ, ಸಿಸ್ಲೆ ಇಲ್ಲ, ಕಾಯ್‌ಬೋತ್ ಇಲ್ಲ. ಮೋನೆ, ರೆನ್ವಾರ್ ಇಬ್ಬರೂ ಜಾರ್ಜ್ ಪೆತಿ ಎಂಬ ಪ್ರತಿಸ್ಪರ್ಧಿ ವ್ಯಾಪಾರಿಯ ಅಂತರರಾಷ್ಟ್ರೀಯ ಪ್ರದರ್ಶನಗಳಿಗೆ ಹೋಗತೊಡಗಿದ್ದರು. ದೆಗಾನ ಒತ್ತಾಯಕ್ಕೆ ಭಿತ್ತಿಪತ್ರದಿಂದ ‘ಇಂಪ್ರೆಷನಿಸ್ಟ್’ ಪದವೇ ಹೋಗಿ ‘8ನೇ ಚಿತ್ರ ಪ್ರದರ್ಶನ’ ಎಂದಷ್ಟೇ ಉಳಿಯಿತು. ಕೊನೆಯ ಕೋಣೆಯಲ್ಲಿ ಸೂರಾನ ‘ಗ್ರಾಂದ್ ಜಾತ್’, ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಎರಡು ವರ್ಷದ ಸಿದ್ಧತೆ, ಹತ್ತಾರು ಕರಡುಗಳು, ಒಂದು ಗೀಟೂ ಆಕಸ್ಮಿಕವಲ್ಲ. ಇಂಪ್ರೆಷನಿಸ್ಟರ ಬಣ್ಣವನ್ನೆಲ್ಲ ತೆಗೆದುಕೊಂಡು ಅವರ ಅವಸರವನ್ನು ಮಾತ್ರ ಬಿಟ್ಟ ಚಿತ್ರ. ಆ ವರ್ಷವೇ ವಿಮರ್ಶಕ ಫೆನಿಯೊಂ ‘ನವ-ಇಂಪ್ರೆಷನಿಸ್ಟ್’ ಎಂಬ ಪದ ಬಳಸಿದ. ಒಂಬತ್ತನೇ ಪ್ರದರ್ಶನ ನಡೆಯಲಿಲ್ಲ.

ಕಾಯ್‌ಬೋತ್ 1894ರಲ್ಲಿ ತೀರಿಕೊಂಡ. ಗೆಳೆಯರಿಂದ ಕೊಂಡಿದ್ದ ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ಸರ್ಕಾರಕ್ಕೆ ಬರೆದಿಟ್ಟಿದ್ದ. ವರ್ಷಗಟ್ಟಲೆ ಜಗ್ಗಾಟ ನಡೆದು ಸುಮಾರು 40ನ್ನು ಮಾತ್ರ ಸ್ವೀಕರಿಸಿದರು; 1897ರಲ್ಲಿ ಅವು ಲಕ್ಸಂಬರ್ಗ್ ಮ್ಯೂಸಿಯಮ್ಮಿನಲ್ಲಿ ಗೋಡೆಗೇರಿದವು. ಸಿಸ್ಲೆ ಬಡತನದಲ್ಲೇ 1899ರ ಜನವರಿಯಲ್ಲಿ ಮೊರೆ ಎಂಬ ಊರಿನಲ್ಲಿ ಸತ್ತ. 1876ರ ಎರಡನೇ ಪ್ರದರ್ಶನದಲ್ಲಿ ಅವನ ‘ಪೋರ್-ಮಾರ್ಲಿಯ ನೆರೆ’ ಇತ್ತು: ಮೊಣಕಾಲುದ್ದ ನೀರಿನಲ್ಲಿ ನಿಂತ ಹೆಂಡದಂಗಡಿ, ಬಾಗಿಲಲ್ಲಿ ದೋಣಿ, ಮೇಲೆ ಬೂದು ಮೋಡ. ಅದನ್ನು ಅವನು ಮಾರಿದ್ದು 180 ಫ್ರಾಂಕಿಗೆ. 1900ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಇಸಾಕ್ ದ ಕಾಮೊಂದೊ ಎಂಬ ಸಂಗ್ರಾಹಕ ಅದನ್ನು ಕೊಂಡ. ಕೊಟ್ಟ ಬೆಲೆ 43,000 ಫ್ರಾಂಕ್.